ಖಂಡೆ ಪೂಜೆಗೆ ಕೂತ ಪಂಪ್

ನಮ್ಮ ಮನೆಯಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ ಇದೆ, ನನಗೆ ಮತ್ತು ನನ್ನ ಮೊಮ್ಮಗಳಿಗೆ. ಹೆಸರು ಒಂದೇ, ಕಾಯಿಲೆ ಒಂದೇ ಅಲ್ಲ. ನಾನು ಬೆಳಿಗ್ಗೆ ಒಂದು ಗುಳಿಗೆ ನುಂಗಿ ಅದನ್ನು ಮರೆತುಬಿಡುತ್ತೇನೆ. ಅವಳಿಗೆ ಮರೆಯಲು ಬರುವುದಿಲ್ಲ. ಅವಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. ಹೊರಗಿನಿಂದ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಬಂತು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಹೊಟ್ಟೆಯಲ್ಲಿ ಜಂತು ಎಂದರು ಕೆಲವರು, ದೃಷ್ಟಿ ಎಂದರು ಕೆಲವರು. ಹುಬ್ಬಳ್ಳಿಯ ದವಾಖಾನೆಯಲ್ಲಿ ರಕ್ತ ನೋಡಿದ ಮೇಲೆ ಎಲ್ಲರ ಬಾಯಿ ಮುಚ್ಚಿತು.

ಸೂಜಿ ಮಾಡುವುದನ್ನು ನರ್ಸು ನನಗೂ ಸೊಸೆಗೂ ಕೂಡಿಸಿ ಕಲಿಸಿದಳು. ಸೊಸೆ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದವರ ಕೈಯಲ್ಲಿ ಸೂಜಿ ಕೊಡಲಾಗದು, ಹಾಗಾಗಿ ನಾನೇ ಕಲಿತೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಸಿರಿಂಜಿನ ಮೇಲಿನ ಗೀರು ಎಣಿಸಲು ಅಷ್ಟು ಕಲಿತದ್ದು ಸಾಕಾಯಿತು. ಮುಂದೆ ಪೆನ್ನಿನಂಥ ಸೂಜಿ ಬಂದ ಮೇಲೆ ಅವಳೇ ತನಗೆ ತಾನು ಚುಚ್ಚಿಕೊಳ್ಳಲು ಶುರು ಮಾಡಿದಳು. ಅದಕ್ಕೆ ನಾವು ಪೆನ್ನು ಎಂದೇ ಅನ್ನುತ್ತೇವೆ.

ದಿನಕ್ಕೆ ನಾಲ್ಕು ಸಲ. ಮೂರು ಊಟಕ್ಕೆ ಮೂರು, ಮಲಗುವ ಮುಂಚೆ ಒಂದು. ಊಟದ್ದು ಬೇಗ ಕೆಲಸ ಮಾಡಿ ಬೇಗ ಇಳಿದುಹೋಗುತ್ತದೆ. ಮಲಗುವಾಗಿನದು ನಿಧಾನದ್ದು. ಮರುದಿನ ಅದೇ ಹೊತ್ತಿನ ತನಕ ಒಳಗೆ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತದೆ. ಹುಡುಗಿ ಒಂದು ಹೊತ್ತು ಉಣ್ಣದೆ, ಊಟದ ಸೂಜಿ ಮಾಡಿಕೊಳ್ಳದೆ ಇದ್ದರೂ ತಳದಲ್ಲಿ ಅದೊಂದು ಇದ್ದೇ ಇರುತ್ತದೆ. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾವು ಮರೆತು ಕೆಟ್ಟೆವು.

ನಮ್ಮದು ಗಜೇಂದ್ರಗಡದಲ್ಲಿ ನೇಕಾರರ ಮನೆ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ ಇವೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ನನ್ನ ಮಗ ಕೂರುತ್ತಾನೆ. ಇನ್ನೊಂದು ನನ್ನ ಯಜಮಾನರದು, ಅವರು ಹೋದ ಮೇಲೆ ಅದರ ಮೇಲೆ ನಾವು ಹಾಸಿಗೆ ಮಡಚಿ ಇಡುತ್ತಿದ್ದೆವು. ಮೊಮ್ಮಗಳು ಕಾಲೇಜು ಮುಗಿಸಿದವಳು ಒಂದು ದಿನ ಆ ಹಾಸಿಗೆ ಎತ್ತಿ ಬೇರೆ ಕಡೆ ಇಟ್ಟು ಕೂತಳು. ಅಪ್ಪನ ಕೈ ನೋಡಿ ನೋಡಿಯೇ ಕಲಿತಿದ್ದಳು, ಲಾಳಿ ಎಸೆದರೆ ತಪ್ಪುತ್ತಿರಲಿಲ್ಲ. ಮಗನೂ ಬೇಡವೆನ್ನಲಿಲ್ಲ. ಆದರೆ ಸೀರೆಯ ಮೈ ನೇಯ್ದರೆ ನೇಕಾರಳಾಗುವುದಿಲ್ಲ. ನಮ್ಮ ಸೀರೆಯಲ್ಲಿ ಮೈಯ ಹಾಸು, ಎಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಕೂತವರು ಅದನ್ನು ಮುಗಿಸಿಯೇ ಏಳುವುದು ನಮ್ಮ ಮನೆಯ ರೂಢಿ. ನಡುವೆ ಎದ್ದು ಹೋಗಿ ಬಂದರೆ ಕೈಯ ಬಿಗಿ ಬದಲಾಗಿರುತ್ತದೆ, ಅದು ಸೆರಗಿನಲ್ಲಿ ಕಾಣುತ್ತದೆ.

ಮೊದಲ ಸಲ ಕೂಡಿಸಲು ಕೂತ ದಿನ ಅವಳು ಪೆನ್ನು ಚುಚ್ಚಿಕೊಂಡು, ಹುರುಪಿನಲ್ಲಿ ಅರ್ಧ ರೊಟ್ಟಿ ತಿಂದು ಕುಣಿಗೆ ಇಳಿದಳು. ಚುಚ್ಚಿಕೊಂಡಷ್ಟಕ್ಕೆ ಉಣ್ಣಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿಯುತ್ತದೆ. ಅರ್ಧ ಎಳೆ ಕೂಡಿಸಿ ಆಗಿತ್ತು. ಎದ್ದು ಏನಾದರೂ ತಿನ್ನಬೇಕೆಂದು ಅವಳಿಗೆ ಗೊತ್ತಾಗಿದೆ, ಏಳಬಾರದೆಂಬ ರೂಢಿಗೆ ಕೂತೇ ಇದ್ದಾಳೆ. ಬೆವರು ಬಂತು, ಕೈ ನಡುಗಿತು, ಎಳೆಗಳು ಅಡ್ಡಾದಿಡ್ಡಿ ಸಿಕ್ಕಿಬಿದ್ದವು. ಮಗ ನೋಡುವ ಹೊತ್ತಿಗೆ ತಲೆ ಮಗ್ಗದ ಮೇಲೆ ಒರಗಿತ್ತು. ಬಾಯಿಗೆ ಬೆಲ್ಲದ ನೀರು ಹಾಕಿ ಎಬ್ಬಿಸಿದೆವು.

"ಇನ್ನ ಮಗ್ಗಕ್ಕ ಕುಂಡ್ರಬ್ಯಾಡ," ಅಂದ ಮಗ. "ಕಂಡಿಕಿ ಸುತ್ತು, ಸಾಕು."

"ಕಂಡಿಕಿ ಸುತ್ತಾಕ ನಾ ಏನ್ ಮುದುಕಿ ಏನಪಾ?"

ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ನನ್ನ ಮುಖ ನೋಡಿಯೇ ಹೇಳಿದಳು. ನಾನು ಸುತ್ತುವುದನ್ನು ನಿಲ್ಲಿಸಲಿಲ್ಲ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಅಲ್ಲಿಯ ಡಾಕ್ಟರಬಾಯಿ ಇನ್ಸುಲಿನ್ ಪಂಪಿನ ಮಾತು ತೆಗೆದಳು. ಯಾರೋ ಪುಣ್ಯವಂತರು ಕೊಡಿಸಿದ್ದು ಒಂದಿದೆ, ಗಣಪತಿ ಹಬ್ಬದಿಂದ ದೀಪಾವಳಿ ತನಕ ಹಾಕಿಕೊಂಡು ನೋಡಲಿ, ಒಗ್ಗಿದರೆ ಅವಳದೇ, ಒಗ್ಗದಿದ್ದರೆ ಇನ್ನೊಬ್ಬರಿಗೆ ಎಂದಳು. ಹುಡುಗಿ ಕೇಳಿದ ಮೊದಲ ಮಾತು, "ಇದನ್ನ ಹಾಕ್ಕೊಂಡು ಮಗ್ಗಕ್ಕ ಕುಂಡ್ರಬಹುದೇನ್ರಿ?"

ಬಸ್ಸಿನಲ್ಲಿ ಬರುವಾಗ ಅಪ್ಪ ಮಗಳ ನಡುವೆ ಕರಾರಾಯಿತು.

"ದೀಪಾವಳಿ ತನ ನೋಡೂಣು," ಅಂದ ಮಗ. "ಮತ್ತೊಮ್ಮೆ ಹಂಗ ಬಿದ್ದಿ ಅಂದ್ರ ಮಗ್ಗದ ಮಾತು ತಗೀಬಾರದು. ಆ ಮಗ್ಗಾ ಬಿಚ್ಚಿ ಕೊಡತೇನಿ ಯಾರಿಗರ."

"ಹೂಂ," ಅಂದಳು. ಆ ಹೂಂ ನನಗೆ ಸೇರಲಿಲ್ಲ. ಅಪ್ಪನದೇ ಹಟ, ಪೂರ್ತಿ ಮಗಳಿಗೆ ಇಳಿದಿದೆ.

ಪಂಪ್ ಎಂದರೆ ನಾನು ಹೊಲದ ಬೋರಿಗೆ ಇಳಿಸುವಂಥದ್ದನ್ನು ನೆನೆಸಿದ್ದೆ. ಇದು ಕಡ್ಡಿಪೆಟ್ಟಿಗೆಗಿಂತ ದೊಡ್ಡದು, ಮೊಬೈಲಿಗಿಂತ ಸಣ್ಣದು. ಅದರಿಂದ ಒಂದು ಸಣ್ಣ ನಳಿಕೆ ಬಂದು ಹೊಟ್ಟೆಯ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಚರ್ಮದ ಒಳಗೆ ಹೋಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ ಚುಚ್ಚಿದರೆ ಸಾಕು. ಹಗಲೂ ರಾತ್ರಿ ಹನಿ ಹನಿಯಾಗಿ ಇನ್ಸುಲಿನ್ ತಾನೇ ಬಿಡುತ್ತದೆ. ಉಣ್ಣುವಾಗ ಎಷ್ಟು ಉಣ್ಣುತ್ತೀ ಎಂದು ಲೆಕ್ಕ ಹಾಕಿ ಗುಂಡಿ ಒತ್ತಬೇಕು. ಬೆರಳು ಚುಚ್ಚಿ ರಕ್ತ ನೋಡುವುದು ತಪ್ಪಲಿಲ್ಲ, ಅದು ಪೆನ್ನಿಗೂ ಬೇಕು, ಪಂಪಿಗೂ ಬೇಕು.

ಲೆಕ್ಕದಿಂದ ನನಗೆ ಉಪದ್ರವ ಶುರುವಾಯಿತು.

"ಆಯಿ, ನಿನ್ನ ರೊಟ್ಟಿ ಒಂದರಂಗ ಒಂದಿಲ್ಲ. ಒಂದು ದಪ್ಪ, ಒಂದು ತೆಳ್ಳಗ. ನಾ ಎಷ್ಟಂತ ಒತ್ಲಿ?"

"ಇಷ್ಟ್ ವರ್ಷ ಇದನ್ನ ಉಂಡು ಬೆಳದಿ. ಈಗ ತಪ್ಪ ಕಾಣಾಕತ್ತಿತೇನ ಬೇ?"

"ಆಗ ಪೆನ್ನಿಗೆ ಅಂದಾಜ ನಡೀತಿತ್ತು. ಇದು ಅಂದಾಜ ಕೇಳೂದಿಲ್ಲ."

"ಕೇಳದಿದ್ರ ಅದಕ್ಕ ನೀನ ರೊಟ್ಟಿ ಬಡದು ಹಾಕು."

ಹಾಗೆ ಅಂದೆ, ಆದರೆ ಮರುದಿನದಿಂದ ಒಂದು ಬಟ್ಟಲು ಇಟ್ಟುಕೊಂಡು ಅದರ ತುಂಬ ಹಿಟ್ಟು ತೆಗೆದೇ ರೊಟ್ಟಿ ಬಡಿಯತೊಡಗಿದೆ. ಈಗ ನನ್ನ ರೊಟ್ಟಿಗಳು ಅಚ್ಚಿನಲ್ಲಿ ತೆಗೆದಂತೆ ಇರುತ್ತವೆ, ನೋಡಲು ಬೇಸರ.

ಮಗ್ಗದಲ್ಲಿ ಬೇರೆ ತೊಡಕು. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದುಂಡು ಕೂತವರ ಹೊಟ್ಟೆಗೆ ತಾಗುವಂತೆ ಇರುತ್ತದೆ. ಹೊಟ್ಟೆಯ ಪಟ್ಟಿ ಅದಕ್ಕೆ ಉಜ್ಜಿ ಕಿತ್ತುಬಂತು. ನಳಿಕೆ ಎಳೆಗಳಿಗೆ ಸಿಕ್ಕಿತು. ಪಟ್ಟಿಯನ್ನು ಸೊಂಟದ ಹಿಂದೆ ಅಂಟಿಸಿ, ಪಂಪಿಗೆ ಹಳೆಯ ಖಣದ ಬಟ್ಟೆಯ ಚೀಲ ಹೊಲಿದು ಬೆನ್ನಿಗೆ ಕಟ್ಟಿಕೊಂಡಳು. ಮುಶಿಗೇರಿಯಿಂದ ಬಂದ ನನ್ನ ತಂಗಿ ಅದನ್ನು ಕಂಡು ಗಲ್ಲಕ್ಕೆ ಕೈ ಹಚ್ಚಿದಳು.

"ಅಕ್ಕಾ, ಹುಡುಗಿಗೆ ವಯರ್ ಹಚ್ಚೀರಲ್ಲ. ನೋಡಾಕ ಬಂದವರು ಏನ್ ಅಂದಾರು?"

"ಕರೆಂಟ್ ಹೊಡೀತೈತಿ ಅಂತ ದೂರ ಕುಂಡ್ರಲಿ. ಚಹಾ ಕುಡಿ, ಆರತೈತಿ."

ಇಷ್ಟೆಲ್ಲ ಇದ್ದರೂ ಹುಡುಗಿಯ ಮುಖದಲ್ಲಿ ಬದಲಾವಣೆ ಕಾಣುತ್ತಿತ್ತು. ಬೆಳಿಗ್ಗೆ ಎದ್ದಾಗ ತಲೆ ಹಿಡಿದುಕೊಂಡು ಕೂರುವುದು ನಿಂತಿತು. ಹಸಿವಾದಾಗ ಉಂಡಳು, ಆಗದಿದ್ದಾಗ ಬಿಟ್ಟಳು. ಅದಕ್ಕೆ ಮುಂಚೆ ಅವಳು ಹಸಿವಿಗೆ ಉಂಡದ್ದನ್ನು ನಾನು ನೋಡಿರಲಿಲ್ಲ, ಗಡಿಯಾರಕ್ಕೆ ಉಣ್ಣುತ್ತಿದ್ದಳು. ಮಗ ದಿನಾ ಓರೆಗಣ್ಣಿನಿಂದ ನೋಡುತ್ತಿದ್ದ.

ಅಷ್ಟರಲ್ಲಿ ಮಹಾನವಮಿ ಬಂತು. ಅಂದು ನಮ್ಮಲ್ಲಿ ಖಂಡೆ ಪೂಜೆ. ಮನೆಯಲ್ಲಿ ದುಡಿಯುವ ಸಾಮಾನೆಲ್ಲ ತೊಳೆದು ಮಣೆಯ ಮೇಲಿಟ್ಟು ಪೂಜೆ ಮಾಡುತ್ತೇವೆ. ಲಾಳಿ, ಕತ್ತರಿ, ಕುಡುಗೋಲು, ಈಳಿಗೆ, ಎಲ್ಲಕ್ಕೂ ಅಂದು ಬಿಡುವು. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆಯೇ ಎತ್ತುವುದು. ಅಲ್ಲಿಯವರೆಗೆ ಮುಟ್ಟುವುದಿಲ್ಲ. ಕತ್ತರಿ ಬೇಕೆಂದರೆ ಹಲ್ಲಿನಿಂದ ದಾರ ಕಡಿಯುತ್ತೇವೆ.

ಹುಡುಗಿ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋಗುವಾಗ ಪಂಪ್ ಬಿಚ್ಚಿ ಗೋಡೆಯ ಮಾಡಿನಲ್ಲಿಟ್ಟಳು. ತಲೆ ಒರೆಸಿಕೊಂಡು ಬರುವ ಹೊತ್ತಿಗೆ ಅವಳಪ್ಪ ಅದನ್ನು ಒರೆಸಿ ಮಣೆಯ ಮೇಲೆ ಲಾಳಿಯ ಪಕ್ಕ ಕೂರಿಸಿದ್ದ. ಪಂಪ್ ಕೆಟ್ಟರೆ ಇರಲಿ ಎಂದು ಇಟ್ಟುಕೊಂಡಿದ್ದ ಪೆನ್ನುಗಳ ಡಬ್ಬಿಯನ್ನೂ ಅದರ ಹಿಂದೆ ತಂದಿಟ್ಟಿದ್ದ. ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದ್ದ.

"ಇದೂ ನಮ್ಮ ಮನ್ಯಾಗ ದುಡಿಯೂ ಸಾಮಾನು," ಅಂದ. "ನನಗಿಂತ ಹೆಚ್ಚಿಗಿ ದುಡೀತೈತಿ. ಒಂದಿನ ಕುಂಡ್ರಲಿ."

ಅಷ್ಟು ದಿನ ಪಂಪಿಗೆ ಒಂದು ಒಳ್ಳೆಯ ಮಾತು ಆಡದ ಮನುಷ್ಯ ಅದಕ್ಕೆ ಹೂವು ಏರಿಸಿದ್ದಾನೆ. ಹುಡುಗಿ ಏನು ಹೇಳಿಯಾಳು? ಸೊಸೆ ಮಾತ್ರ ಅಡಿಗೆಮನೆಯಿಂದ ಮಗಳನ್ನು ಕೇಳಿದಳು.

"ನಡದೀತೇನ ಯವ್ವಾ?"

"ನಡೀತೈತಿ ಬಿಡ ಅವ್ವಾ. ಹೋಳಿಗಿ ತಿನ್ನೂದಿಲ್ಲ, ಏನೂ ತಿನ್ನೂದಿಲ್ಲ. ತಿನ್ನದಿದ್ರ ಒತ್ತೂದು ಯಾಕ? ಸಂಜಿ ಮುಂದ ಅಪ್ಪಗ ಹೇಳಿ ತಗೊಂತೇನಿ."

ಪೆನ್ನಿನ ದಿನಗಳ ಲೆಕ್ಕ ಅದು. ಆಗ ಉಪವಾಸ ಮಾಡಿದರೂ ರಾತ್ರಿಯ ನಿಧಾನದ ಸೂಜಿ ತಳದಲ್ಲಿ ಇರುತ್ತಿತ್ತು. ಪಂಪಿನಲ್ಲಿ ಅದು ಇಲ್ಲ. ಹನಿ ನಿಂತರೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಸ್ನಾನ ಮುಗಿದ ಕೂಡಲೇ ಹಚ್ಚಿಕೊಳ್ಳಬೇಕೆಂದು ದವಾಖಾನೆಯಲ್ಲಿ ಹೇಳಿದ್ದರು. ಯಾಕೆಂದು ಹೇಳಿದ್ದನ್ನು ನಾವು ಯಾರೂ ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ.

ಮಧ್ಯಾಹ್ನ ನಾವೆಲ್ಲ ಹೋಳಿಗೆ ಉಂಡೆವು. ಅವಳು ನೀರು ಕುಡಿದಳು. ಮತ್ತೆ ಕುಡಿದಳು. ತಂಬಿಗೆ ಎತ್ತುವ ರೀತಿ ನೋಡಿ ನನಗೆ ಶಾಲೆಯ ಹುಡುಗಿಯಾಗಿದ್ದಾಗಿನದು ನೆನಪಾಯಿತು. ಬಿಸಿಲು ಇಳಿಯುವ ಮುಂಚೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡಳು. ಬೆರಳು ಚುಚ್ಚಿ ನೋಡಿದರೆ ಯಂತ್ರ ಅಂಕಿ ತೋರಿಸಲಿಲ್ಲ, ತನ್ನ ಅಳತೆ ಮೀರಿದೆ ಎಂದು ಎರಡು ಅಕ್ಷರ ತೋರಿಸಿತು.

"ಮಣಿ ಮ್ಯಾಲಿಂದ ಪೆನ್ನಿನ ಡಬ್ಬಿ ತಗಿ," ಅಂದೆ ಮಗನಿಗೆ.

ಅವನು ಮಣೆಯ ಮುಂದೆ ನಿಂತ. ಕೈ ಮುಂದೆ ಹೋಗಲಿಲ್ಲ.

"ಯವ್ವಾ, ನಾಳಿ ತನ ಮುಟ್ಟಬಾರದು..."

"ಕೈ ಮುಗದದ್ದು ಆಗೇತಿ. ಈಗ ತಗಿ. ನೀ ತಗೀತಿಯೋ, ನಾ ತಗೀಲೋ?"

ಅವನೇ ತೆಗೆದ. ಹೂವು ಪಕ್ಕಕ್ಕೆ ಸರಿಸಿ, ಡಬ್ಬಿಯ ಕುಂಕುಮವನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟ. ಸೊಸೆ ಅಷ್ಟರಲ್ಲಿ ಡಾಕ್ಟರಬಾಯಿಗೆ ಫೋನ್ ಹಚ್ಚಿದ್ದಳು. ಎಷ್ಟು ಎಂದು ಅಲ್ಲಿಂದ ಹೇಳಿದರು, ನಾನು ಪೆನ್ನಿನ ತುದಿ ತಿರುಗಿಸಿ, ಅಷ್ಟಕ್ಕೆ ಇಟ್ಟು ಚುಚ್ಚಿದೆ. ಹಾಗೇ ಕೂರಬೇಡಿ, ಊರಿನ ದವಾಖಾನೆಗೆ ಕರೆದುಕೊಂಡು ಹೋಗಿ ಎಂದರು. ಕರೆದುಕೊಂಡು ಹೋದೆವು. ಸಲಾಯಿನ್ ಏರಿಸಿದರು. ದೀಪ ಹಚ್ಚುವ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು ಮಾತಾಡಿದಳು.

"ಆಯಿ, ಹೋಳಿಗಿ ಉಳದಾವೇನ?"

"ಉಳದಾವು. ನಿನಗಿಲ್ಲ."

ಹಬ್ಬ ಮುಗಿದ ಮೇಲೆ ಮಗ ಮೊದಲಿನ ಮಾತಿಗೆ ಬಂದ. ಬಿದ್ದದ್ದು ಬಿದ್ದದ್ದೇ, ಪಂಪ್ ತಿರುಗಿ ಕೊಡುವುದು, ಮಗ್ಗದ ಮಾತು ಮುಗಿಯಿತು ಎಂದ. ಅವಳು ಅಳಲಿಲ್ಲ. ಅತ್ತಿದ್ದರೆ ಅವನು ಕರಗುತ್ತಿದ್ದ, ಅದು ಅವಳಿಗೂ ಗೊತ್ತು.

"ನಾ ಮಗ್ಗದಾಗ ಬಿದ್ದಿಲ್ಲ," ಅಂದಳು. "ನೀ ಪಂಪಿಗೆ ರಜಾ ಕೊಟ್ಟಿ, ನಾ ಹೂಂ ಅಂದ್ನಿ. ಅದರಾಗ ಮಗ್ಗದ್ದೇನ್ ತಪ್ಪೈತಿ?"

ಮಗ ಲಾಳಿ ಎಸೆಯುತ್ತ ಕೂತ.

ದೀಪಾವಳಿಯ ಮುಂಚೆ ಹುಬ್ಬಳ್ಳಿಗೆ ಹೋದೆವು, ನಾನು, ಮಗ, ಮೊಮ್ಮಗಳು. ದವಾಖಾನೆಯ ಬೆಂಚಿನ ಮೇಲೆ ಮೆಣಸಗಿ ಕಡೆಯ ಒಬ್ಬ ಹೆಣ್ಣುಮಗಳು ಸಿಕ್ಕಳು. ಅವಳಿಗೂ ಇದೇ ಕಾಯಿಲೆ, ಹೊಲದ ಕೆಲಸ ಮಾಡುವವಳು. ಪಂಪ್ ಹಾಕಿಕೊಂಡು ನೋಡಿ ತಿರುಗಿ ಕೊಟ್ಟಿದ್ದಳಂತೆ.

"ಬೆವರಿಗೆ ಪಟ್ಟಿ ನಿಂದ್ರಲಿಲ್ರೀ ಅಮ್ಮಾ," ಅಂದಳು. "ಕಳೆ ತಗಿಯೂ ಮುಂದ ಅದು ಕುಂಯ್ ಅಂತ ಒದರೂದು, ಮಣ್ಣಿನ ಕೈಲೆ ನಾ ಅದನ್ನ ಮುಟ್ಟೂದು ಹ್ಯಾಂಗ? ಪೆನ್ನು ಚಲೋ. ಚುಚ್ಚಿದೆ, ಕಿಸೇದಾಗ ಇಟ್ಟೆ, ಮುಗೀತು. ನನ್ನ ಸಕ್ಕರೀನೂ ಈಗ ಹದಕ್ಕ ಐತಿ."

ನನಗೆ ಅವಳ ಮಾತು ಸರಿ ಎನ್ನಿಸಿತು. ನನ್ನನ್ನು ಕೇಳಿದ್ದರೆ ನಾನೂ ಪೆನ್ನೇ ಎನ್ನುತ್ತಿದ್ದೆ. ಚುಚ್ಚಿದ ಮೇಲೆ ಅದು ನಮ್ಮ ಮೈಯದು, ಯಾರೂ ಬಿಚ್ಚಿ ಮಣೆಯ ಮೇಲೆ ಇಡಲಾರರು. ಆದರೆ ಚುಚ್ಚಿಸಿಕೊಳ್ಳುವ ಮೈ ನನ್ನದಲ್ಲ.

ಡಾಕ್ಟರಬಾಯಿ ಪಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಗುಂಡಿಯ ಸಂದಿಯಲ್ಲಿ ಕುಂಕುಮ ಉಳಿದಿತ್ತು.

"ಇದೇನ್ರಿ ಕೆಂಪು? ರಕ್ತ ಏನು?"

ಮಗ ತಲೆ ತಗ್ಗಿಸಿದ. ನಾನೇ ಹೇಳಿದೆ. ಅವಳು ಬೈಯಲಿಲ್ಲ, ಆದರೆ ನಗಲೂ ಇಲ್ಲ.

"ಪೂಜಾ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಆಕಿ ಮೈಮ್ಯಾಲ ಇದ್ದಾಗನ ಹೂವು ಏರಸ್ರಿ. ಪೆನ್ನು ಬ್ಯಾರೆ ಕಡೆ ಇರಲಿ, ಕೈಗೆ ಸಿಗೂವಂಗ." ಆಮೇಲೆ ಹುಡುಗಿಯ ಕಡೆ ತಿರುಗಿದಳು. "ಎರಡೂ ಇನ್ಸುಲಿನ್ನ. ಯಾವುದರಾಗ ಇದ್ರೂ ನೀ ಚಲೋ ಇರತಿ, ನೆಪ್ಪಿಟ್ಟು ಮಾಡಿದ್ರ. ನಿನಗ ಯಾವುದು ಬೇಕು?"

"ತಿರಗಿ ಕೊಡತೇವ್ರಿ," ಅಂದ ಮಗ.

"ನಾ ಆಕಿನ್ನ ಕೇಳೀನ್ರಿ."

ಹುಡುಗಿ ಅಪ್ಪನನ್ನು ನೋಡಿಕೊಂಡೇ ಹೇಳಿದಳು. "ಪೆನ್ನಿನ್ಯಾಗ ನಾ ಅದರ ಹೊತ್ತಿಗೆ ಉಣಬೇಕು. ಇದು ನನ್ನ ಹೊತ್ತಿಗೆ ಬರತೈತಿ. ಸೆರಗು ಕೂಡಸಾಕ ಕುಂಡ್ರೂ ಮೊದ್ಲ ಹನಿ ಕಡಿಮಿ ಮಾಡಿ ಇಡಬಹುದು. ಪೆನ್ನಿನ್ಯಾಗ ಚುಚ್ಚಿದ್ದನ್ನ ಹೊರಗ ತಗ್ಯಾಕ ಬರೂದಿಲ್ಲ. ಮತ್ತ ನಡುವ ಕೈ ನಡುಗಿದ್ರ ನಾ ಏಳಾಕಿ, ಬೆಲ್ಲಾ ತಿನ್ನಾಕಿ. ಎದ್ದದ್ದು ಕಾಣಲಿ ಸೆರಗಿನ್ಯಾಗ."

"ಅದು ಕೆಟ್ರ?" ಅಂದ ಮಗ.

"ಕೆಟ್ರ ಪೆನ್ನೈತಿ. ಲಾಳಿ ಮುರದ್ರ ಮಗ್ಗಾ ಮಾರತೀಯೇನಪಾ?"

ಡಾಕ್ಟರಬಾಯಿ ಪಂಪನ್ನು ಹುಡುಗಿಯ ಕೈಗೆ ಕೊಟ್ಟಳು. ಮಗ ಕಿಟಕಿಯ ಹೊರಗೆ ನೋಡುತ್ತ, "ನಡುವ ಎದ್ರ ಎದ್ದಿ, ಅದರಾಗೇನು," ಅಂದ. ಅವನ ಅಪ್ಪ ಇದ್ದಿದ್ದರೆ ಆ ಮಾತಿಗೆ ಕಪಾಳಕ್ಕೆ ಹೊಡೆಯುತ್ತಿದ್ದರು. ನಮ್ಮ ಮನೆಯ ಒಂದು ರೂಢಿ ಹುಬ್ಬಳ್ಳಿಯ ದವಾಖಾನೆಯಲ್ಲಿ ಮುಗಿಯಿತು. ನನಗೆ ಬೇಸರವೇನೂ ಆಗಲಿಲ್ಲ. ಆ ರೂಢಿಗೆ ನಾನೂ ಎಷ್ಟೋ ಸಲ ಹೊಟ್ಟೆ ಹಸಿದು ಕೂತಿದ್ದೇನೆ.

ತಿರುಗಿ ಬರುವಾಗ ನರಗುಂದದಲ್ಲಿ ಬಸ್ಸು ನಿಂತಿತು. ಹುಡುಗಿ ಇಳಿದು ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬಂದಳು. ಗಿರಮಿಟ್ಟನ್ನು ಕಣ್ಣಿನಿಂದಲೇ ಅಳೆದು, ಬೆನ್ನಿನ ಚೀಲ ಮುಂದಕ್ಕೆ ಎಳೆದುಕೊಂಡು ಗುಂಡಿ ಒತ್ತಿ, ಉಳಿದವರು ಬಾಯಿ ಹಾಕುವ ಮುಂಚೆ ತಿನ್ನಲು ಶುರು ಮಾಡಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ ಬಿಡು ಎಂದು ನಾವು ಮಿರ್ಚಿ ತಿಂದೆವು. ರೋಣ ಬರುವ ತನಕ ಮಗನಿಗೂ ಅವಳಿಗೂ ಮುಂದಿನ ಸೀರೆಯ ಸೆರಗಿನ ಬಣ್ಣದ ಮೇಲೆ ಜಗಳ. ಕೇಳಲು ಚೆನ್ನಾಗಿತ್ತು, ನನಗೆ ನಿದ್ದೆ ಹತ್ತಿತು.

ಪಾಡ್ಯ ಮುಗಿದ ಮೇಲೆ ಒಂದು ದಿನ ಅವಳು ಸೆರಗು ಕೂಡಿಸಲು ಕೂತಳು. ಬೆರಳು ಚುಚ್ಚಿ ನೋಡಿ, ಪಂಪಿನಲ್ಲಿ ಏನೋ ಇಳಿಸಿ, ಪಕ್ಕದಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಕುಣಿಗೆ ಕಾಲು ಬಿಟ್ಟಳು. ಮಗ ತನ್ನ ಮಗ್ಗ ಬಿಟ್ಟು ಬಂದು ಅವಳ ಬದಿಗೆ ಕುಕ್ಕರುಗಾಲಲ್ಲಿ ಕೂತ. ಎಳೆ ನೋಡುತ್ತಿದ್ದಾನೋ ಮುಖ ನೋಡುತ್ತಿದ್ದಾನೋ ತಿಳಿಯುತ್ತಿರಲಿಲ್ಲ. ನಡುವೆ ಒಮ್ಮೆ ಅವಳು ಎದ್ದಳು, ಬೆಲ್ಲ ಬಾಯಿಗೆ ಹಾಕಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿದಳು, ಮತ್ತೆ ಬಂದು ಕೂತಳು. ಮಗನ ಬಾಯಿ ತೆರೆಯಿತು, ಮುಚ್ಚಿತು.

ಸ್ವಲ್ಪ ಹೊತ್ತಿಗೆ ಅವನು ಮೊಣಕಾಲು ಹಿಡಿದುಕೊಂಡು ಎದ್ದು ಅಡಿಗೆಮನೆಗೆ ಬಂದ. ಮಣೆ ಹಾಕಿಕೊಂಡು ನನ್ನ ಎದುರು ಕೂತು ಚಹಾ ಕೇಳಿದ.

"ಆಕಿ ಏನ್ ಮಾಡಾಕತ್ಯಾಳ?" ಅಂದೆ.

"ಕೂಡಸಾಕತ್ಯಾಳ," ಅಂದು ಚಹಾವನ್ನು ಬಸಿಗೆ ಸುರಿದುಕೊಂಡ. ಪಡಸಾಲೆಯ ಕಡೆ ತಿರುಗಿ ನೋಡಲಿಲ್ಲ. ಕುಡಿದು ಮುಗಿಸಿ ಇನ್ನರ್ಧ ಕಪ್ಪು ಕೇಳಿದ.